ಅಡಿಕೆ ಮರಕ್ಕೆ ಕೊಟ್ಟ ಮರ್ಯಾದೆ ಮೊಣಗಂಟಿಗೂ ಕೊಡಿ

ಪಾಣೆಮಂಗಳೂರಿನ ಆಸುಪಾಸಿನಲ್ಲಿ ಅಡಿಕೆಗೆ ಮದ್ದು ಬಿಡಿಸುವವರಿಗೆ ಇರುವಷ್ಟು ವೈಜ್ಞಾನಿಕ ಬುದ್ಧಿ ಬೆಂಗಳೂರಿನ ನಮ್ಮ ಐಟಿ ಪಾರ್ಕಿನಲ್ಲಿ ಇಲ್ಲ. ಊರಿನ ಅಭಿಮಾನಕ್ಕೆ ಹೇಳುವ ಮಾತಲ್ಲ ಇದು, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. ಮಳೆಗಾಲಕ್ಕೆ ಮೊದಲು ಯಾರೋ ಏಜೆಂಟ್ ಒಬ್ಬ ಹೊಸ ಬಾಟಲಿ ಹಿಡಿದುಕೊಂಡು ತೋಟಕ್ಕೆ ಬರುತ್ತಾನೆ ಅಂತ ಇಟ್ಟುಕೊಳ್ಳಿ. "ಮೈಲುತುತ್ತು, ಸುಣ್ಣ ಎಲ್ಲ ಹಳೇ ಕಾಲದ್ದು. ಇದೊಂದು ಬಿಡಿ, ಕೊಳೆರೋಗ ನಿಮ್ಮ ತೋಟದ ಬದಿಗೂ ಬರ್ಲಿಕ್ಕಿಲ್ಲ" ಅನ್ನುತ್ತಾನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಮ್ಮ ಕೃಷಿಕರು ಆಗ ಕೇಳುವ ಪ್ರಶ್ನೆಗಳು ನಾಲ್ಕು. ಯಾರ ತೋಟಕ್ಕೆ ಬಿಟ್ಟಿದ್ದೀರಿ? ಎಷ್ಟು ಮರಕ್ಕೆ? ಬಿಡದ ಮರಗಳ ಕತೆ ಏನಾಯಿತು? ನೀವಲ್ಲದೆ ಬೇರೆ ಯಾರಾದರೂ ಹೌದು ಅಂತ ಹೇಳ್ತಾರಾ?

ಇಡೀ ಆಧುನಿಕ ವೈದ್ಯಕೀಯ ವಿಜ್ಞಾನದ ಬೆನ್ನೆಲುಬು ಈ ನಾಲ್ಕು ಪ್ರಶ್ನೆಗಳೇ. ದೊಡ್ಡ ದೊಡ್ಡ ಹೆಸರಿಟ್ಟು ಅವರು ಮಾಡುವುದೂ ಇಷ್ಟನ್ನೇ. ಮೈಸೂರು ಸಂಸ್ಥಾನಕ್ಕೆ ಕೃಷಿ ವಿಜ್ಞಾನಿಯಾಗಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆ ಕೊಳೆರೋಗದ ಬಗ್ಗೆ ವರದಿ ಬರೆದರು. ರೋಗಕ್ಕೆ ಕಾರಣ ಯಾವ ಶಿಲೀಂಧ್ರ ಎಂದು ತೋರಿಸಿದರು, ಬೋರ್ಡೋ ದ್ರಾವಣ ಸಿಂಪಡಿಸಿ ನೋಡಿದರು. ಆಮೇಲೆ ನಮ್ಮ ಬಂಟ್ವಾಳ ತಾಲೂಕಿನ ವಿಟ್ಲದಲ್ಲೇ 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿಂದ 'ಮಂಗಳ' ತಳಿ ರೈತರ ಕೈಗೆ ಬಂದದ್ದು 1972ರಲ್ಲಿ. ಒಂದು ಮರ ಒಳ್ಳೆಯದು ಅಂತ ಹೇಳುವುದಕ್ಕೆ ಅದನ್ನು ನೆಟ್ಟು, ಬೇರೆ ತಳಿಗಳ ಜೊತೆ ಬೆಳೆಸಿ, ವರ್ಷಗಟ್ಟಲೆ ಗೊನೆ ಲೆಕ್ಕ ಹಾಕಬೇಕಾಯಿತು.

ಈಗ ಅದೇ ತೋಟದ ಅಡಿಕೆಯಲ್ಲಿ ಓದಿ ಇಂಜಿನಿಯರ್ ಆದ ಮಗನನ್ನು ನೋಡಿ. ಜಿಮ್ಮಿನಲ್ಲಿ ಭುಜ ಉಳುಕಿದೆ. ಆನ್‌ಲೈನಿನಲ್ಲಿ ಒಂದು ಸಣ್ಣ ಗಾಜಿನ ಕುಪ್ಪಿ ತರಿಸುತ್ತಾನೆ. ಒಳಗೆ ಬಿಳಿ ಪುಡಿ. ಲೇಬಲ್ಲಿನಲ್ಲಿ 'ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗೆ ಅಲ್ಲ' ಅಂತ ಸ್ಪಷ್ಟವಾಗಿ ಬರೆದಿದೆ. ಅದಕ್ಕೆ ನೀರು ಬೆರೆಸಿ, ಇನ್ಸುಲಿನ್ ಸಿರಿಂಜಿನಲ್ಲಿ ಎಳೆದು, ಹೊಟ್ಟೆಯ ಚರ್ಮ ಚಿವುಟಿ ಹಿಡಿದು ತಾನೇ ಚುಚ್ಚಿಕೊಳ್ಳುತ್ತಾನೆ. ಕೇಳಿದರೆ "ಪೆಪ್ಟೈಡ್ ಬ್ರೋ, ರಿಕವರಿಗೆ" ಅನ್ನುತ್ತಾನೆ. ಅಪ್ಪ ಅಡಿಕೆ ಮರದ ಪರವಾಗಿ ಕೇಳುವ ನಾಲ್ಕು ಪ್ರಶ್ನೆಗಳಲ್ಲಿ ಒಂದನ್ನೂ ಮಗ ತನ್ನ ಮೈಯ ಪರವಾಗಿ ಕೇಳಿಲ್ಲ. ನನ್ನ ಜಗಳ ಇದರ ಜೊತೆ.

ಮೊದಲು ಈ ಪೆಪ್ಟೈಡ್ ಎಂಬ ಹೆಸರಿನ ಮೋಸವನ್ನು ಬಿಡಿಸಿಬಿಡೋಣ. ಅಮೈನೋ ಆಮ್ಲ ಅನ್ನುವ ಸಣ್ಣ ಸಣ್ಣ ಅಣುಗಳನ್ನು ಮಲ್ಲಿಗೆ ಕಟ್ಟಿದ ಹಾಗೆ ಒಂದರ ಪಕ್ಕ ಒಂದು ಪೋಣಿಸಿದರೆ ಪೆಪ್ಟೈಡ್. ಮಾಲೆ ತುಂಬ ಉದ್ದವಾಗಿ ಸುತ್ತಿಕೊಂಡರೆ ಪ್ರೋಟೀನ್. ಅಷ್ಟೇ. ಅದೊಂದು ಔಷಧಿಯ ಹೆಸರಲ್ಲ, ಒಂದು ಆಕಾರದ ಹೆಸರು. "ಪೆಪ್ಟೈಡ್ ಕೆಲಸ ಮಾಡ್ತದೆ" ಅನ್ನುವುದು "ಪುಡಿ ಕೆಲಸ ಮಾಡ್ತದೆ" ಅಂದ ಹಾಗೆ. ಅರಸಿನವೂ ಪುಡಿ, ಸಿಮೆಂಟೂ ಪುಡಿ.

ಇನ್ಸುಲಿನ್ ಪೆಪ್ಟೈಡ್. ಅದರಲ್ಲಿ 51 ಅಮೈನೋ ಆಮ್ಲಗಳು. 1922ರಲ್ಲಿ ಮೊದಲ ಸಲ ಒಬ್ಬ ರೋಗಿಗೆ ಕೊಟ್ಟಂದಿನಿಂದ ಕೋಟಿಗಟ್ಟಲೆ ಜೀವ ಉಳಿಸಿದೆ. ಈಗ ಎಲ್ಲರ ಬಾಯಲ್ಲಿರುವ ತೂಕ ಇಳಿಸುವ ಸೆಮಾಗ್ಲುಟೈಡ್ ಕೂಡ ಪೆಪ್ಟೈಡ್. 2021ರಲ್ಲಿ ಪ್ರಕಟವಾದ ಅದರ ಒಂದು ಪ್ರಯೋಗದಲ್ಲಿ 1961 ಜನ ಇದ್ದರು, 68 ವಾರ ನಡೆಯಿತು. ಔಷಧಿ ಸಿಕ್ಕಿದವರ ತೂಕ ಸರಾಸರಿ ಶೇಕಡಾ 14.9 ಇಳಿಯಿತು, ಬರೀ ನೀರಿನಂಥ ಇಂಜೆಕ್ಷನ್ ಸಿಕ್ಕಿದವರದ್ದು ಶೇಕಡಾ 2.4. ಯಾರಿಗೆ, ಎಷ್ಟು ಜನಕ್ಕೆ, ಯಾವುದರ ಎದುರು ಅಂತ ಕೇಳಿದರೆ ಉತ್ತರ ಉಂಟು. ಅಡ್ಡಪರಿಣಾಮಗಳ ಪಟ್ಟಿಯೂ ಉಂಟು. ಇದನ್ನು ನಾನು ಗೌರವಿಸುತ್ತೇನೆ. ಪೆಪ್ಟೈಡ್ ಎಂಬ ಜಾತಿಯ ಮೇಲೆ ನನಗೆ ದ್ವೇಷ ಇಲ್ಲ.

ಹೇಳಿದ ಹಾಗೆ, ನಮ್ಮ ಹಳ್ಳಿಗಳಿಗೆ ಪೆಪ್ಟೈಡ್ ಹೊಸತೂ ಅಲ್ಲ. ಆಕ್ಸಿಟೋಸಿನ್ ಗೊತ್ತಲ್ಲ? ಒಂಬತ್ತೇ ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡ್ ಅದು. 1953ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಕಟ್ಟಿದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರಲ್ಲಿ ನೊಬೆಲ್ ಬಂತು. ಹೆರಿಗೆ ಕೋಣೆಯಲ್ಲಿ ರಕ್ತಸ್ರಾವ ನಿಲ್ಲಿಸಿ ಬಾಣಂತಿಯ ಜೀವ ಉಳಿಸುವುದು ಅದೇ. ಹಟ್ಟಿಯಲ್ಲಿ ದನಕ್ಕೆ, ಎಮ್ಮೆಗೆ ಕದ್ದು ಚುಚ್ಚಿ ಹಾಲಿಳಿಸುವುದೂ ಅದೇ. ಈ ಕಳ್ಳ ಬಳಕೆ ಎಷ್ಟು ಹಬ್ಬಿತ್ತೆಂದರೆ 2018ರಲ್ಲಿ ಕೇಂದ್ರ ಸರಕಾರ ಖಾಸಗಿಯವರು ಅದನ್ನು ತಯಾರಿಸುವಂತಿಲ್ಲ, ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್ ಒಂದೇ ತಯಾರಿಸಬೇಕು ಎಂದು ಆಜ್ಞೆ ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆಜ್ಞೆಯನ್ನು ರದ್ದು ಮಾಡಿತು. ವ್ಯಾಜ್ಯದ ಸರಿ ತಪ್ಪು ಇಲ್ಲಿ ಬೇಡ. ನಾನು ಹೇಳುವುದು ಇಷ್ಟೇ: ಹೆರಿಗೆ ಕೋಣೆಯಲ್ಲಿ ಸಾಬೀತಾದದ್ದು ಹಟ್ಟಿಯಲ್ಲಿ ಸಾಬೀತಾದ ಹಾಗೆ ಆಗುವುದಿಲ್ಲ. ಒಂದೇ ಪೆಪ್ಟೈಡಿನ ಕತೆಯೇ ಹೀಗಿರುವಾಗ, ಇನ್ಸುಲಿನ್ನಿನ ಮರ್ಯಾದೆಯನ್ನು ಬೇರೆ ಯಾವುದೋ ಕುಪ್ಪಿ ಸಾಲ ತೆಗೆದುಕೊಂಡು ತಿರುಗುವುದಕ್ಕೆ ಏನನ್ನಬೇಕು?

ಸಾಲ ತೆಗೆದುಕೊಂಡು ತಿರುಗುವವರು ಯಾರು ಅಂತ ಕೇಳಿದರೆ, ಬಿಪಿಸಿ-157, ಟಿಬಿ-500, ಸಿಜೆಸಿ-1295, ಇಪಮೊರೆಲಿನ್. ಹೆಸರು ಕೇಳಿದರೆ ಬಸ್ಸಿನ ನಂಬರು ಇದ್ದ ಹಾಗೆ ಉಂಟು. ಇವುಗಳಲ್ಲಿ ಊರ ರಾಜ ಬಿಪಿಸಿ-157. ಹದಿನೈದು ಅಮೈನೋ ಆಮ್ಲಗಳ ಮಾಲೆ. ಮನುಷ್ಯರ ಜಠರರಸದ ಒಂದು ಪ್ರೋಟೀನಿನ ತುಣುಕು ಎಂದು ಅದನ್ನು ಕಂಡವರು ಹೇಳುತ್ತಾರೆ. ಹರಿದ ಸ್ನಾಯುರಜ್ಜು, ಲಿಗಮೆಂಟ್, ಹೊಟ್ಟೆ ಹುಣ್ಣು ಎಲ್ಲದಕ್ಕೂ ರಾಮಬಾಣ ಎಂದು ಮಾರುತ್ತಾರೆ. ಬನ್ನಿ, ತೋಟದ ಪ್ರಶ್ನೆಗಳನ್ನು ಇದಕ್ಕೇ ಕೇಳಿ ನೋಡೋಣ.

ಯಾರಿಗೆ ಕೊಟ್ಟಿದ್ದೀರಿ? ಇಲಿಗಳಿಗೆ. ತುಂಬ ಇಲಿಗಳಿಗೆ. ಸ್ನಾಯುರಜ್ಜು ಕತ್ತರಿಸಿದ ಇಲಿ, ಲಿಗಮೆಂಟ್ ಕತ್ತರಿಸಿದ ಇಲಿ, ಹೊಟ್ಟೆ ಹುಣ್ಣಾದ ಇಲಿ. ಎಲ್ಲ ಬೇಗ ಗುಣವಾದವಂತೆ. ಆ ಪ್ರಬಂಧಗಳು ಸುಳ್ಳು ಅಂತ ನಾನು ಹೇಳುವುದಿಲ್ಲ, ಅವು ಕುತೂಹಲ ಹುಟ್ಟಿಸುವಂಥವೇ. ನಾನು ಇಲಿಯಾಗಿ ಹುಟ್ಟಿದ್ದರೆ ಗಂಭೀರವಾಗಿ ಯೋಚಿಸುತ್ತಿದ್ದೆ. ಆದರೆ ಇಲಿಯಲ್ಲಿ ಗೆದ್ದು ಮನುಷ್ಯನಲ್ಲಿ ಸೋತ ಔಷಧಿಗಳ ಸಾಲು ನಮ್ಮ ಕಲ್ಲಡ್ಕ ಪೇಟೆಯ ಟ್ರಾಫಿಕ್ಕಿಗಿಂತ ಉದ್ದ ಉಂಟು. ಇಲಿಯ ಫಲಿತಾಂಶ ಮನುಷ್ಯನ ಮೇಲೆ ಪ್ರಯೋಗ ಶುರು ಮಾಡುವುದಕ್ಕೆ ಕಾರಣ ಆಗಬಹುದು, ಮಾರಾಟ ಶುರು ಮಾಡುವುದಕ್ಕಲ್ಲ.

ಎಷ್ಟು ಮನುಷ್ಯರಿಗೆ ಕೊಟ್ಟಿದ್ದೀರಿ? ಮಾರುವವರು ಮತ್ತೆ ಮತ್ತೆ ತೋರಿಸುವ ವರದಿಗಳು ಮೂರು. ಒಂದರಲ್ಲಿ ಮೊಣಗಂಟು ನೋವಿಗೆ ಇಂಜೆಕ್ಷನ್ ತೆಗೆದುಕೊಂಡ 16 ಮಂದಿ, ಇನ್ನೊಂದರಲ್ಲಿ ಮೂತ್ರಕೋಶದ ನೋವಿದ್ದ 12 ಹೆಂಗಸರು, ಮತ್ತೊಂದರಲ್ಲಿ ರಕ್ತನಾಳಕ್ಕೆ ಕೊಟ್ಟು ನೋಡಿದ 2 ಮಂದಿ. ಒಟ್ಟು 30. ನಮ್ಮಲ್ಲಿ ಹೊನಲು ಬೆಳಕಿನ ಕಬಡ್ಡಿಗೆ ಎರಡು ತಂಡ, ರೆಫ್ರಿ, ಸ್ಕೋರ್ ಬರೆಯುವವರು, ಮೈಕಿನವನು ಸೇರಿದರೆ ಅಷ್ಟಾಗುತ್ತದೆ. ಈ 30ರಲ್ಲಿ ಹರಿದ ಲಿಗಮೆಂಟಿನ ಕ್ರೀಡಾಪಟುಗಳನ್ನು ಎರಡು ಗುಂಪು ಮಾಡಿ ನೋಡಿದ ಪ್ರಯೋಗ ಒಂದೂ ಇಲ್ಲ. 2015ರಲ್ಲಿ ಆರೋಗ್ಯವಂತ ಸ್ವಯಂಸೇವಕರ ಮೇಲೆ ಮೊದಲ ಹಂತದ ಒಂದು ಪ್ರಯೋಗ ನೋಂದಣಿಯಾಗಿತ್ತು. ಅದರ ಫಲಿತಾಂಶ ಪ್ರಕಟವಾಗಲೇ ಇಲ್ಲ. ಪರೀಕ್ಷೆ ಬರೆದು ಮಾರ್ಕ್ಸ್ ಕಾರ್ಡ್ ತೋರಿಸದ ಹುಡುಗನ ಬಗ್ಗೆ ನಮ್ಮ ಹೆಡ್‌ಮಾಸ್ತರರು ಏನು ತಿಳಿದುಕೊಳ್ಳುತ್ತಿದ್ದರೋ ನಾನೂ ಅದನ್ನೇ ತಿಳಿದುಕೊಳ್ಳುತ್ತೇನೆ.

ಮೂರನೆಯದು, ಬಿಡದ ಮರಗಳ ಕತೆ. ಮೊಣಗಂಟಿನ ಆ 16 ಮಂದಿಯಲ್ಲಿ 14 ಮಂದಿಗೆ ನೋವು ಕಡಿಮೆಯಾಯಿತಂತೆ. ಕೇಳಲಿಕ್ಕೆ ಭರ್ಜರಿ. ಆದರೆ ಇಂಜೆಕ್ಷನ್ ಇಲ್ಲದೆ ಕುಳಿತ ಇನ್ನೊಂದು 16 ಮಂದಿ ಎಲ್ಲಿ? ಅವರು ಇಲ್ಲವೇ ಇಲ್ಲ. ಉಳುಕಿದ ಕಾಲು ಸಾಮಾನ್ಯವಾಗಿ ಸರಿಯಾಗಿಯೇ ಆಗುತ್ತದೆ. ನೋವು ತಡೆಯಲಾರದ ಹಂತಕ್ಕೆ ಬಂದಾಗ ಮದ್ದಿಗೆ ಹೋಗುತ್ತೇವೆ, ಅಲ್ಲಿಂದ ಅದು ಇಳಿಯುವುದೇ ಹೆಚ್ಚು. ಕಾಗೆ ಕೂರುವುದಕ್ಕೂ ಗೆಲ್ಲು ಮುರಿಯುವುದಕ್ಕೂ ಸರಿಹೋಯಿತು ಅಂತ ನಮ್ಮ ಹಿರಿಯರು ಇದಕ್ಕೇ ಹೇಳಿದ್ದು.

ಕಂಬಳದ ಒಂದು ಮಾತು ಇಲ್ಲಿ ಹೇಳಬೇಕು. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಬದಿಯ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಕೂಡಲೇ ಯಾರೋ ಕ್ಯಾಲ್ಕುಲೇಟರ್ ಒತ್ತಿ, ನೂರು ಮೀಟರಿಗೆ 9.55 ಸೆಕೆಂಡ್, ಉಸೇನ್ ಬೋಲ್ಟನ 9.58ಕ್ಕಿಂತ ಕಡಿಮೆ ಎಂದರು. ಇಡೀ ದೇಶ ಕುಣಿಯಿತು, ಕೇಂದ್ರದ ಕ್ರೀಡಾ ಸಚಿವರು ಟ್ರಯಲ್ಸಿಗೆ ಕರೆದರು. ಆದರೆ ಗೌಡರು ಏನು ಹೇಳಿದರು? ಹೆಸರಿನಲ್ಲಿ ಕೋಣಗಳಿಗೂ ಪಾಲು ಉಂಟು, ಓಡಿದ್ದು ಅವು, ನಾನು ಹಿಂದೆ ಓಡಿಸಿದೆ ಅನ್ನುವ ಅರ್ಥದ ಮಾತು. ಟ್ರ್ಯಾಕಿನ ಓಟ ಬೇರೆ, ಕೆಸರಿನ ಓಟ ಬೇರೆ ಎಂದು ಟ್ರಯಲ್ಸಿಗೂ ಹೋಗಲಿಲ್ಲ. ಇದಕ್ಕಿಂತ ದೊಡ್ಡ ವೈಜ್ಞಾನಿಕ ಪ್ರಾಮಾಣಿಕತೆ ನನಗೆ ಗೊತ್ತಿಲ್ಲ. ಕೋಣ ಎಳೆದದ್ದನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳದಿರುವುದೇ ವಿಜ್ಞಾನ. ಗಾಯವಾದ ಮೇಲೆ ನೀವು ಆರು ವಾರ ವಿಶ್ರಾಂತಿ ತೆಗೆದುಕೊಂಡಿರಿ, ಫಿಸಿಯೋ ಮಾಡಿದಿರಿ, ಹೊತ್ತಿಗೆ ಸರಿಯಾಗಿ ನಿದ್ದೆ ಮಾಡಿದಿರಿ, ನಡುವೆ ಕುಪ್ಪಿಯನ್ನೂ ಚುಚ್ಚಿಕೊಂಡಿರಿ. ನಿಮ್ಮನ್ನು ಗುಣದ ಕಡೆಗೆ ಎಳೆದುಕೊಂಡು ಹೋದ ಕೋಣ ಯಾವುದು? ಕುಪ್ಪಿಯೇ ಅಂತ ಹೇಗೆ ಗೊತ್ತಾಯಿತು?

ಕೊನೆಯ ಪ್ರಶ್ನೆ, ನೀವಲ್ಲದೆ ಬೇರೆ ಯಾರು ಹೇಳ್ತಾರೆ? ಬಿಪಿಸಿ-157ರ ಇಲಿ ಪ್ರಬಂಧಗಳಲ್ಲಿ ಬಹುಪಾಲು ಬಂದಿರುವುದು ಕ್ರೊಯೇಷಿಯಾದ ಜಾಗ್ರೆಬ್ ನಗರದ ಒಂದೇ ಸಂಶೋಧನಾ ತಂಡದಿಂದ. ಮನುಷ್ಯರ ಆ ಮೂರು ವರದಿಗಳ ಹಿಂದೆಯೂ ಅಮೆರಿಕದ ಫ್ಲೋರಿಡಾದ ಒಬ್ಬರೇ ವೈದ್ಯರು ಇದ್ದಾರೆ. ಸಾಫ್ಟ್‌ವೇರಿನವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಬರೆದವನೇ ಟೆಸ್ಟ್ ಮಾಡಿ, ಅವನ ಲ್ಯಾಪ್‌ಟಾಪಿನಲ್ಲಿ ಮಾತ್ರ ಓಡಿದ ಕೋಡನ್ನು ಯಾವ ಮ್ಯಾನೇಜರ್ ರಿಲೀಸ್ ಮಾಡುತ್ತಾನೆ? ಒಂದು ಬಟನ್ನಿನ ಬಣ್ಣ ಬದಲಿಸುವುದಕ್ಕೂ ಬಳಕೆದಾರರನ್ನು ಎರಡು ಭಾಗ ಮಾಡಿ ವಾರಗಟ್ಟಲೆ ಅಳೆಯುವ ಜನ ನಾವು. ಸ್ವಂತ ಹೊಟ್ಟೆಗೆ ಮಾತ್ರ ಟೆಸ್ಟಿಂಗ್ ಬೇಡವಂತೆ!

ಉಳಿದವುಗಳ ಕತೆಯೂ ಇದಕ್ಕಿಂತ ಮೇಲಲ್ಲ. ಸಿಜೆಸಿ-1295, ಇಪಮೊರೆಲಿನ್ ಮುಂತಾದವು ನಮ್ಮ ದೇಹದಿಂದಲೇ ಬೆಳವಣಿಗೆಯ ಹಾರ್ಮೋನನ್ನು ಹೊರಡಿಸುತ್ತವೆ. ಅದು ನಿಜ, ರಕ್ತಪರೀಕ್ಷೆಯಲ್ಲಿ ಅಂಕಿ ಏರುತ್ತದೆ. ಆದರೆ ಅಂಕಿ ಏರಿದರೆ ತಾಕತ್ತು ಏರಿದ ಹಾಗಾ? 2008ರಲ್ಲಿ ಸ್ಟ್ಯಾನ್‌ಫೋರ್ಡಿನವರು ಆರೋಗ್ಯವಂತ ಕ್ರೀಡಾಪಟುಗಳಿಗೆ ನೇರವಾಗಿ ಬೆಳವಣಿಗೆಯ ಹಾರ್ಮೋನನ್ನೇ ಕೊಟ್ಟ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಕೊಬ್ಬು ಬಿಟ್ಟ ಮೈತೂಕ ಸುಮಾರು ಎರಡು ಕಿಲೋ ಹೆಚ್ಚಾಗಿತ್ತು, ಬಲ ಹೆಚ್ಚಾದ ಲಕ್ಷಣ ಇರಲಿಲ್ಲ. ಇನ್ನು 'ರಿಕವರಿ'ಗೆ ಪ್ರಸಿದ್ಧವಾದ ಇಪಮೊರೆಲಿನ್ ಅನ್ನು ಹೊಟ್ಟೆಯ ಆಪರೇಷನ್ ಆದ ರೋಗಿಗಳ ಕರುಳು ಬೇಗ ಚೇತರಿಸಿಕೊಳ್ಳಲಿ ಎಂದು ಸರಿಯಾದ ಕ್ರಮದಲ್ಲಿ, ಎರಡು ಗುಂಪು ಮಾಡಿ ಕೊಟ್ಟು ನೋಡಿದ್ದರು. ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಪ್ರಶ್ನೆ ಸರಿಯಾಗಿ ಕೇಳಿದಾಗ ಉತ್ತರ ಹೀಗೆ ಬರುತ್ತದೆ. ಅದಕ್ಕೇ ಮಾರುವವರಿಗೆ ಪ್ರಶ್ನೆ ಕಂಡರೆ ಆಗುವುದಿಲ್ಲ.

ಈಗ ವಾದಕ್ಕೆ ಬರುವವರ ಮಾತು. ಮೊದಲನೆಯದು, "ಇದು ನಮ್ಮ ದೇಹದಲ್ಲೇ ಇರುವಂಥದ್ದು, ನ್ಯಾಚುರಲ್." ಇನ್ಸುಲಿನ್ ಕೂಡ ದೇಹದಲ್ಲೇ ಇರುವಂಥದ್ದು ಮಾರಾಯ್ರೆ, ಅಳತೆ ತಪ್ಪಿ ಚುಚ್ಚಿದರೆ ಜೀವ ಹೋಗ್ತದೆ. ಬಿಪಿಸಿ-157 ಹೊಸ ರಕ್ತನಾಳ ಬೆಳೆಸುವುದಕ್ಕೆ ನೆರವಾಗುತ್ತದೆ, ಅದರಿಂದಲೇ ಗಾಯ ಮಾಯುತ್ತದೆ ಎಂಬುದು ಅದರ ಪ್ರಚಾರಕರದ್ದೇ ವಿವರಣೆ. ಸರಿ, ಗೆಡ್ಡೆಗೂ ಬೆಳೆಯಲಿಕ್ಕೆ ಬೇಕಾದದ್ದು ಹೊಸ ರಕ್ತನಾಳವೇ. ಇದರಿಂದ ಕ್ಯಾನ್ಸರ್ ಬರುತ್ತದೆ ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳಲಿಕ್ಕೆ ನನ್ನ ಹತ್ತಿರವೂ ಆಧಾರ ಇಲ್ಲ. ಬರುವುದಿಲ್ಲ ಅಂತ ಹೇಳಲಿಕ್ಕೆ ಮಾರುವವನ ಹತ್ತಿರ ಆಧಾರ ಉಂಟಾ? ವರ್ಷಗಟ್ಟಲೆ ಮನುಷ್ಯರನ್ನು ಗಮನಿಸಿದ ಅಧ್ಯಯನ ಇದ್ದರೆ ತರಲಿ.

ಎರಡನೆಯದು, "ನಾನು ಆರು ತಿಂಗಳಿಂದ ತೆಗೊಳ್ತಾ ಇದ್ದೇನೆ, ಏನೂ ಆಗಲಿಲ್ಲ." ನಮ್ಮ ತಾಲೂಕಿನ ಮೂಲರಪಟ್ಣದ ಸೇತುವೆ ನೆನಪಿದೆಯಾ? 2018ರ ಜೂನ್ ತಿಂಗಳಲ್ಲಿ ಫಲ್ಗುಣಿ ನದಿಗೆ ಕುಸಿಯಿತಲ್ಲ, ಅದು. ಕುಸಿಯುವ ಹಿಂದಿನ ದಿನ ಅದರ ಮೇಲೆ ಹೋದವರಿಗೂ ಏನೂ ಆಗಿರಲಿಲ್ಲ. ಸೇತುವೆ ಗಟ್ಟಿ ಉಂಟು ಅಂತ ಹೇಳಬೇಕಾದ್ದು ನಿನ್ನೆ ದಾಟಿದವನಲ್ಲ, ಕಂಬದ ಬುಡಕ್ಕೆ ಇಳಿದು ನೋಡಿದವನು.

ಮೂರನೆಯದು ಸ್ವಲ್ಪ ಓದಿಕೊಂಡವರ ವಾದ. "ಪೇಟೆಂಟ್ ಸಿಗದ ವಸ್ತುವಿಗೆ ದೊಡ್ಡ ಕಂಪೆನಿಗಳು ಪ್ರಯೋಗ ಮಾಡುವುದಿಲ್ಲ, ಬೇಕೆಂತಲೇ ಮುಚ್ಚಿಡುತ್ತಾರೆ." ಔಷಧಿ ಕಂಪೆನಿಗಳು ಧರ್ಮಛತ್ರ ಅಂತ ನಾನೂ ಹೇಳಲಾರೆ. ಆದರೆ ಉಪ್ಪು-ಸಕ್ಕರೆ ನೀರಿಗೆ ಯಾವ ಪೇಟೆಂಟ್ ಇತ್ತು? 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಅದನ್ನು ಕಾಲರಾ ರೋಗಿಗಳಿಗೆ ಕುಡಿಸಿ, ಸತ್ತವರ, ಬದುಕಿದವರ ಲೆಕ್ಕ ಇಟ್ಟು, ಜಗತ್ತಿಗೆ ತೋರಿಸಿದರು. ಕಂಪೆನಿ ಪರೀಕ್ಷೆ ಮಾಡಲಿಲ್ಲ ಅನ್ನುವುದು ಪರೀಕ್ಷೆ ಪಾಸಾಯಿತು ಅನ್ನುವುದಕ್ಕೆ ಸಮ ಅಲ್ಲ. ಅಲ್ಲದೆ ಈ ಕುಪ್ಪಿ ಮಾರುವವರೇನು ಬಡ ಹರಿದಾಸರಾ? ಅವರದೂ ವ್ಯಾಪಾರವೇ. ವ್ಯತ್ಯಾಸ ಇಷ್ಟೇ, ದೊಡ್ಡ ಕಂಪೆನಿ ಮಾರುವ ಮೊದಲು ಪ್ರಯೋಗದ ಖರ್ಚು ಹಾಕುತ್ತದೆ, ಇವರು ನಿಮ್ಮಿಂದಲೇ ದುಡ್ಡು ತೆಗೆದುಕೊಂಡು ನಿಮ್ಮ ಮೇಲೆ ಪ್ರಯೋಗ ಮಾಡುತ್ತಾರೆ. ಅದರ ಫಲಿತಾಂಶವನ್ನೂ ಬರೆದಿಡುವುದಿಲ್ಲ.

ಬೆಂಗಳೂರಿನ ಸಂಬಳದವರು ತಮ್ಮ ದುಡ್ಡು, ತಮ್ಮ ಹೊಟ್ಟೆ ಅಂತ ಮಾಡಿಕೊಂಡರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ವಿಷಯ ಅಲ್ಲಿಗೆ ನಿಲ್ಲುವುದಿಲ್ಲ. ನನ್ನ ಚಿಕ್ಕಪ್ಪನ ಮಗ ಕಬಡ್ಡಿಯಲ್ಲಿ ರೈಡರ್. ಮ್ಯಾಚಿನಲ್ಲಿ ಮೊಣಗಂಟು ತಿರುಚಿ ಲಿಗಮೆಂಟ್ ಹರಿದಿದೆ. ಮೊನ್ನೆ ಫೋನ್ ಮಾಡಿ ಕೇಳಿದ, "ಅಣ್ಣಾ, ಜಿಮ್ಮಿನಲ್ಲಿ ಒಬ್ರು ಹೇಳ್ತಾರೆ ಇಂಜೆಕ್ಷನ್ ಉಂಟಂತೆ, ಎರಡು ತಿಂಗಳಲ್ಲಿ ಮ್ಯಾಟಿಗೆ ಇಳಿಬಹುದಂತೆ. ಬೆಂಗಳೂರಲ್ಲಿ ನಿಮ್ಮ ಕಂಪೆನಿಯವ್ರೆಲ್ಲ ತೆಗೊಳ್ತಾರಂತೆ, ಹೌದಾ?" ನೋಡಿ, ಆಧಾರ ಕೇಳಿದ್ದಕ್ಕೆ ಆ ಹುಡುಗನಿಗೆ ಸಿಕ್ಕಿದ ಆಧಾರ ನಾವು! ಆ ಕೋರ್ಸಿನ ದುಡ್ಡು ಅಂದರೆ ನನ್ನ ಚಿಕ್ಕಮ್ಮ ಎರಡು ತಿಂಗಳು ಬೀಡಿ ಕಟ್ಟಿದ ಸಂಬಳ. ಬೇಡ ಅಂದೆ. "ಮತ್ತೆ ಎಂತ ಮಾಡುವುದು?" ಅಂದ. ಆ ಪ್ರಶ್ನೆಗೆ ಮುಂದೆ ಬರುತ್ತೇನೆ.

ಅವನ ಕನಸು ಸ್ಪೋರ್ಟ್ಸ್ ಕೋಟಾದಲ್ಲಿ ಪೊಲೀಸೋ ರೈಲ್ವೆಯೋ ಸೇರುವುದು. ಈ ಕುಪ್ಪಿ ಮೊಣಗಂಟು ಗುಣ ಮಾಡುತ್ತದೋ ಗೊತ್ತಿಲ್ಲ, ಆ ಕನಸನ್ನು ಮುಗಿಸುವುದು ಮಾತ್ರ ಖಂಡಿತ ಸಾಧ್ಯ. ಬಿಪಿಸಿ-157 ಅನ್ನು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, 2022ರಿಂದ ಹೆಸರು ಹಿಡಿದು ನಿಷೇಧಿಸಿದೆ. ಟಿಬಿ-500, ಸಿಜೆಸಿ-1295, ಇಪಮೊರೆಲಿನ್ ಕೂಡ ನಿಷೇಧಿತ ಪಟ್ಟಿಯಲ್ಲಿವೆ. ಸಿಕ್ಕಿಬಿದ್ದರೆ ನಾಲ್ಕು ವರ್ಷದವರೆಗೆ ಅಂಗಳದ ಹೊರಗೆ. ಇಪ್ಪತ್ತು ವರ್ಷದ ಕಬಡ್ಡಿ ಹುಡುಗನಿಗೆ ನಾಲ್ಕು ವರ್ಷ ಅಂದರೆ ಇಡೀ ಬಾಳು. ವಾಡಾದ 2023ರ ಲೆಕ್ಕದಲ್ಲಿ ಭಾರತದ 5606 ಮಾದರಿಗಳಲ್ಲಿ ಶೇಕಡಾ 3.8ರಲ್ಲಿ ನಿಷೇಧಿತ ವಸ್ತು ಕಂಡಿತು. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಪರೀಕ್ಷೆ ಮಾಡಿದ ಬೇರೆ ಯಾವ ದೇಶದ್ದೂ ಇಷ್ಟು ಕೆಟ್ಟ ಲೆಕ್ಕ ಅಲ್ಲ.

"ಕೋಚ್ ಕೊಟ್ಟರು, ನನಗೆ ಗೊತ್ತಿರಲಿಲ್ಲ" ಅಂದರೆ ಬಿಡುತ್ತಾರಾ? ನಮ್ಮ ಕರಾವಳಿಗೇ ಈ ಪಾಠ ಆಗಿದೆ. ಸಿದ್ದಾಪುರ ಬದಿಯ ಜನ್ಸಾಲೆಯ ಅಶ್ವಿನಿ ಅಕ್ಕುಂಜಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು, ಅದೇ ವರ್ಷದ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನವನ್ನೂ ತಂದರು. 2011ರಲ್ಲಿ ಅವರ ಮಾದರಿಯಲ್ಲಿ ಸ್ಟೀರಾಯ್ಡ್ ಸಿಕ್ಕಿತು. ಉಕ್ರೇನಿನ ಕೋಚ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್‌ನಲ್ಲಿ ಅದು ಬೆರೆತಿತ್ತು ಎಂಬುದು ಅವರ ಮತ್ತು ಸಹ ಓಟಗಾರ್ತಿಯರ ವಾದ. ಇಲ್ಲಿನ ಸಮಿತಿ ಒಂದು ವರ್ಷದ ನಿಷೇಧ ಹಾಕಿತು. 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು, ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಆಸ್ಟ್ರೇಲಿಯಾದ ಎಸೆಂಡನ್ ಫುಟ್‌ಬಾಲ್ ಕ್ಲಬ್ಬಿನಲ್ಲಂತೂ ಕತೆ ಪೆಪ್ಟೈಡಿನದ್ದೇ. 2012ರ ಋತುವಿನಲ್ಲಿ ಕ್ಲಬ್ಬಿನವರೇ ಹಾಕಿಸಿದ ಇಂಜೆಕ್ಷನ್ನುಗಳಲ್ಲಿ ಥೈಮೊಸಿನ್ ಬೀಟಾ-4 ಇತ್ತು ಎಂದು ಅದೇ ನ್ಯಾಯಾಲಯ ತೀರ್ಮಾನಿಸಿ, 2016ರ ಜನವರಿಯಲ್ಲಿ 34 ಆಟಗಾರರಿಗೆ ನಿಷೇಧ ಹಾಕಿತು. ಟಿಬಿ-500 ಅದೇ ಮನೆತನದ್ದು. ಲೇಬಲ್ ಬರೆದವನು, ಚುಚ್ಚಿದವನು, ಕಮಿಷನ್ ತಿಂದವನು ಯಾರೂ ನಿಮ್ಮ ಜೊತೆ ಕಟಕಟೆಯಲ್ಲಿ ನಿಲ್ಲುವುದಿಲ್ಲ.

ಮತ್ತೆ ಎಂತ ಮಾಡುವುದು? ಇದು ನ್ಯಾಯವಾದ ಪ್ರಶ್ನೆ, ಕುಪ್ಪಿ ಬೇಡ ಅಂತ ಹೇಳುವವರು ಉತ್ತರ ಕೊಡಲೇಬೇಕು. ಹರಿದ ಲಿಗಮೆಂಟಿಗೆ ಮೂಳೆ ವೈದ್ಯರು, ಅಗತ್ಯ ಇದ್ದರೆ ಆಪರೇಷನ್, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ. ಬೇಜಾರಿನ ಕೆಲಸ, ನಿಧಾನದ ಕೆಲಸ, ಆದರೆ ದಾರಿ ಅದು. ಗಾಯ ಆಗದ ಹಾಗೆ ನೋಡಿಕೊಳ್ಳುವುದಕ್ಕೂ ದಾರಿ ಉಂಟು. 2011ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಪ್ರಯೋಗ ನೋಡಿ. 50 ಫುಟ್‌ಬಾಲ್ ತಂಡಗಳ 942 ಆಟಗಾರರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲು ಅಭ್ಯಾಸದ ಜೊತೆ ಒಂದೇ ಒಂದು ವ್ಯಾಯಾಮ ಹೇಳಿಕೊಟ್ಟರು. ಮೊಣಕಾಲೂರಿ ನೆಟ್ಟಗೆ ನಿಲ್ಲುವುದು, ಹಿಂದಿನಿಂದ ಜೊತೆಗಾರ ಕಾಲಿನ ಮಣಿಗಂಟು ಒತ್ತಿ ಹಿಡಿಯುವುದು, ತೊಡೆಯ ಹಿಂಭಾಗದ ಬಲದಲ್ಲಿ ತಡೆಯುತ್ತಾ ತಡೆಯುತ್ತಾ ಮೈಯನ್ನು ನಿಧಾನ ಮುಂದಕ್ಕೆ ಬಾಗಿಸುವುದು, ಕೊನೆಗೆ ಕೈಯೂರುವುದು. ನಾರ್ಡಿಕ್ ವ್ಯಾಯಾಮ ಅಂತ ಹೆಸರು. ಆ ಗುಂಪಿನಲ್ಲಿ ತೊಡೆಯ ಹಿಂಭಾಗದ ಸ್ನಾಯು ಗಾಯಗಳು 15, ಮಾಡದವರ ಗುಂಪಿನಲ್ಲಿ 52.

ಇದಕ್ಕೆ ಬೇಕಾದ್ದು ಒಂದು ಚಾಪೆ, ಒಬ್ಬ ಗೆಳೆಯ. ಪೇಟೆಂಟ್ ಇಲ್ಲ, ಕುಪ್ಪಿ ಇಲ್ಲ, ಸೂಜಿ ಇಲ್ಲ. 942 ಜನರ ಮೇಲೆ ಪರೀಕ್ಷೆಯಾದದ್ದು ಬಿಟ್ಟಿ ಸಿಗುತ್ತದೆ, 30 ಜನರ ಕತೆ ಸಾವಿರಾರು ರೂಪಾಯಿಗೆ ಮಾರಾಟವಾಗುತ್ತದೆ. ಬಿಟ್ಟಿಯದ್ದಕ್ಕೆ ಏಜೆಂಟ್ ಇಲ್ಲ, ಕಮಿಷನ್ ಇಲ್ಲ, ರೀಲ್ಸ್ ಇಲ್ಲ. ಹಾಗಾಗಿ ನಮ್ಮ ಎಷ್ಟೋ ಕಬಡ್ಡಿ ತಂಡಗಳಿಗೆ ಅದರ ಹೆಸರೇ ಗೊತ್ತಿಲ್ಲ. ಟ್ರೋಫಿಗೆ, ಶಾಮಿಯಾನಕ್ಕೆ, ಸೌಂಡ್ಸಿಗೆ ಲಕ್ಷಗಟ್ಟಲೆ ಎತ್ತುವ ನಾವು ಒಂದು ಊರಿಗಲ್ಲ, ಹತ್ತು ಊರಿಗೆ ಸೇರಿಯಾದರೂ ಒಬ್ಬ ಫಿಸಿಯೋವನ್ನು ಇಟ್ಟುಕೊಂಡಿದ್ದೇವಾ? ಹುಡುಗ ಬಿದ್ದಾಗ ಐಸ್ ಹಾಕಿ "ಏಳು ಮಾರಾಯ, ಫೈನಲ್ ಉಂಟು" ಅನ್ನುತ್ತೇವೆ. ಆ ಖಾಲಿ ಜಾಗಕ್ಕೇ ಕುಪ್ಪಿಯವನು ಬಂದು ಕುಳಿತದ್ದು.

ಹಾಗಾಗಿ ನನ್ನ ಬೇಡಿಕೆ ಎರಡು. ಟೂರ್ನಮೆಂಟ್ ಮಾಡುವವರಲ್ಲಿ ಒಂದು: ಈ ಸಲದ ಆಮಂತ್ರಣ ಪತ್ರಿಕೆಯಲ್ಲಿ ಗಣ್ಯರ ಫೋಟೋ ಹತ್ತು ಕಡಿಮೆ ಮಾಡಿ, ಆ ದುಡ್ಡಿಗೆ ಒಬ್ಬ ಫಿಸಿಯೋವನ್ನು ಕರೆಸಿ. ನನ್ನ ಜೊತೆ ಕೀಬೋರ್ಡ್ ಕುಟ್ಟುವ ಗೆಳೆಯರಲ್ಲಿ ಇನ್ನೊಂದು: ನಿಮಗೆ ಚುಚ್ಚಿಕೊಳ್ಳಲೇಬೇಕು ಅಂತಿದ್ದರೆ ನಿಮ್ಮ ಹಟ ನಿಮ್ಮದು. ಆದರೆ ಊರಿಗೆ ಬಂದಾಗ ಹುಡುಗರ ಮುಂದೆ "ಸೈನ್ಸ್ ಇದೆ ಬ್ರೋ" ಅನ್ನಬೇಡಿ. ನಿಮ್ಮ ಬಿಇ ಡಿಗ್ರಿಯನ್ನು ನಂಬಿ ಅವರು ಸೂಜಿ ಹಿಡಿಯುತ್ತಾರೆ. ಸೈನ್ಸ್ ಇದೆ ಅನ್ನುವುದಾದರೆ ನಾಲ್ಕು ಪ್ರಶ್ನೆಗೆ ಉತ್ತರ ಕೊಡಿ. ಯಾರಿಗೆ, ಎಷ್ಟು ಜನಕ್ಕೆ, ಕೊಡದವರ ಕತೆ ಏನು, ಬೇರೆ ಯಾರು ಹೇಳ್ತಾರೆ. ಉತ್ತರ ಬಂದ ದಿನ, ಸರಿಯಾದ ಪ್ರಯೋಗದಲ್ಲಿ ಗೆದ್ದು ಬಂದ ದಿನ, ಬಿಪಿಸಿ-157ಕ್ಕೆ ಮೊದಲ ಹಾರ ಹಾಕುವವನು ನಾನೇ. ಅಲ್ಲಿಯವರೆಗೆ ಅದು ಮದ್ದಲ್ಲ, ಬರೀ ಬಿಳಿ ಪುಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಹಟ್ಟಿ ನೋಡಿ ಬೆಳೆದ ನಮಗೆ ಬೇರೆಯವರು ಹೇಳಿಕೊಡಬೇಕಾ?